ಚಿಲ್ಲರೆಯ ಅಭಾವ ಮತ್ತು ಮರಳುವ ದಾರಿ: 1917ರಿಂದ ಈಚಿನ ಭಾರತದ ಅನುಭವ

ಚಿಲ್ಲರೆ ಏಕೆ ಸಿಗುವುದಿಲ್ಲ ಎಂಬ ಪ್ರಶ್ನೆಗೆ ಭಾರತದ ಆಡಳಿತ ಕೊಡುತ್ತ ಬಂದ ಉತ್ತರ ಒಂದು ಶತಮಾನದಿಂದ ಹೆಚ್ಚುಕಡಿಮೆ ಒಂದೇ: ಜನ ಕೂಡಿಡುತ್ತಾರೆ, ಕೆಲವರು ಕರಗಿಸುತ್ತಾರೆ. ಇದರಿಂದ ಹೊರಟ ಮದ್ದುಗಳೂ ಎರಡೇ. ಕೂಡಿಟ್ಟವರಿಗೆ ಶಿಕ್ಷೆ, ಟಂಕಸಾಲೆಗೆ ಹೆಚ್ಚಿನ ದುಡಿಮೆ. ಈ ಎರಡೂ ಸಮಸ್ಯೆಯ ಅರ್ಧವನ್ನಷ್ಟೇ ಮುಟ್ಟುತ್ತವೆ ಎಂಬುದು ಈ ಲೇಖನದ ವಾದ. ನಾಣ್ಯ ಎಷ್ಟಿದೆ ಎಂಬುದರಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ, ಅದು ಕೊಟ್ಟವರ ಬಳಿಗೆ ಮರಳಬಲ್ಲದೇ ಎಂಬುದು ಮುಖ್ಯ. ನಾಣ್ಯವಿಲ್ಲದಾಗ ಅದರ ಜಾಗಕ್ಕೆ ಬರುವ ಚೀಟಿ, ಬಿಲ್ಲೆ, ಮಿಠಾಯಿಗಳೆಲ್ಲ ವಾಸ್ತವದಲ್ಲಿ ಪುಟ್ಟ ಸಾಲಗಳು. ಅವನ್ನು ಹಿಂದಕ್ಕೆ ಪಡೆಯಲು ಯಾರಾದರೂ ಬದ್ಧರಾಗಿದ್ದರೆ ವ್ಯಾಪಾರ ಸಾಗುತ್ತದೆ. ಹಾಗಿಲ್ಲದಿದ್ದರೆ ಅಭಾವದ ಹೊರೆ, ಮರಳಿ ಕೇಳುವ ಬಲವಿಲ್ಲದ ಕೊಳ್ಳುಗನ ತಲೆಗೆ ಬೀಳುತ್ತದೆ.

ಮೊದಲ ಮಹಾಯುದ್ಧದ ಕಾಲ ಇದಕ್ಕೆ ಒಳ್ಳೆಯ ಪುರಾವೆ. 1917ರಲ್ಲಿ ಬೆಳ್ಳಿಯ ಬೆಲೆ ಔನ್ಸ್‌ಗೆ 43 ಪೆನ್ಸ್ ದಾಟಿದಾಗ ರೂಪಾಯಿ ನಾಣ್ಯದೊಳಗಿನ ಲೋಹ ಅದರ ಮುಖಬೆಲೆಯನ್ನೇ ಮೀರಿತು. ಸರ್ಕಾರ 1917ರ ನವೆಂಬರ್ 30ರಂದು ಒಂದು ರೂಪಾಯಿ ನೋಟನ್ನೂ 1918ರ ಜನವರಿಯಲ್ಲಿ ಎರಡೂವರೆ ರೂಪಾಯಿ ನೋಟನ್ನೂ ಹೊರತಂದಿತು. 1918–19ರಲ್ಲಿ ಎರಡಾಣೆ, ನಾಲ್ಕಾಣೆ, ಎಂಟಾಣೆಗಳನ್ನು ಬೆಳ್ಳಿಯ ಬದಲು ತಾಮ್ರ–ನಿಕ್ಕಲ್ ಮಿಶ್ರಲೋಹದಲ್ಲಿ ಅಚ್ಚು ಹಾಕಿಸಿತು. ಆದರೆ ಜಿಲ್ಲಾ ಖಜಾನೆಗಳಲ್ಲಿ ನೋಟು ಕೊಟ್ಟು ಬೆಳ್ಳಿ ಪಡೆಯುವ ಹೆಚ್ಚುವರಿ ಸೌಲಭ್ಯವನ್ನು ಅದೇ ಸಮಯದಲ್ಲಿ ಹಿಂತೆಗೆದುಕೊಂಡಿತು. ಪರಿಣಾಮವಾಗಿ ಹಲವೆಡೆ ನೋಟಿಗೆ ವಟ್ಟ ಬಿತ್ತು: ಅದರ ಪೂರ್ಣ ಬೆಲೆ ಪೇಟೆಯಲ್ಲಿ ಸಿಗದಾಯಿತು. ಭಾರತದ ಹಣವ್ಯವಸ್ಥೆಯನ್ನು ಪರಿಶೀಲಿಸಿದ 1919ರ ಬಾಬಿಂಗ್ಟನ್ ಸ್ಮಿತ್ ಸಮಿತಿಯೂ ಇದನ್ನು ಗುರುತಿಸಿತು. ಅಮೆರಿಕ 1918ರ ಏಪ್ರಿಲ್‌ನ ಪಿಟ್‌ಮನ್ ಕಾಯಿದೆಯಡಿ ತನ್ನ ಡಾಲರ್ ನಾಣ್ಯಗಳನ್ನು ಕರಗಿಸಿ ಸುಮಾರು 20 ಕೋಟಿ ಔನ್ಸ್ ಬೆಳ್ಳಿ ಒದಗಿಸಿದ್ದರಿಂದ ಖಜಾನೆ ಉಸಿರಾಡುವಂತಾಯಿತು. ಆ ಬೆಳ್ಳಿಯ ಮುಖ್ಯ ಉಪಯೋಗ ನಾಣ್ಯದ ಸಂಖ್ಯೆ ಹೆಚ್ಚಿಸಿದ್ದಲ್ಲ. ಕೇಳಿದರೆ ಕೊಡುತ್ತೇವೆ ಎಂಬ ಮಾತನ್ನು ಉಳಿಸಿಕೊಂಡದ್ದು.

ಎರಡನೆಯ ಮಹಾಯುದ್ಧದಲ್ಲಿ ಬಿಕ್ಕಟ್ಟು ರೂಪಾಯಿಯಿಂದ ಕಾಲಾಣೆಗೆ ಇಳಿಯಿತು. ಫ್ರಾನ್ಸ್ ಸೋತ ಸುದ್ದಿ ಬಂದೊಡನೆ ಜನ ನೋಟು ಕೊಟ್ಟು ಬೆಳ್ಳಿ ರೂಪಾಯಿ ಕೇಳತೊಡಗಿದರು. 1940ರ ಜೂನ್ 25ರಂದು ಭಾರತ ರಕ್ಷಣಾ ನಿಯಮಗಳ ಅಡಿಯಲ್ಲಿ ಸ್ವಂತದ ಅಥವಾ ವ್ಯಾಪಾರದ ಅಗತ್ಯ ಮೀರಿ ನಾಣ್ಯ ಪಡೆಯುವುದನ್ನು ಅಪರಾಧವೆಂದು ಸಾರಲಾಯಿತು. ಆಗಸ್ಟ್‌ನಲ್ಲಿ ಒಂದು ರೂಪಾಯಿ ನೋಟು ಮತ್ತೆ ಬಂತು. ಬೆಳ್ಳಿ ನಾಣ್ಯದ ಶುದ್ಧತೆ ಅರ್ಧಕ್ಕೆ ಇಳಿಯಿತು. ಆದರೂ 1942–43ರಲ್ಲಿ ಚಿಲ್ಲರೆ ನಾಣ್ಯದ ಕೊರತೆ ತೀವ್ರವಾಯಿತು. ಶಿಕ್ಷೆಯ ಭಯ ನಾಣ್ಯವನ್ನು ಪೆಟ್ಟಿಗೆಯಿಂದ ಹೊರಗೆ ತರಲಿಲ್ಲ. 1943ರಲ್ಲಿ ಲಾಹೋರಿನ ಟಂಕಸಾಲೆಯೂ ಕೆಲಸಕ್ಕೆ ಸೇರಿತು, ನಡುವೆ ತೂತಿದ್ದ ಕಂಚಿನ ಕಾಲಾಣೆ ಬಂತು. ಹಳೆಯ ಕಾಲಾಣೆ ಸುಮಾರು 4.9 ಗ್ರಾಂ ತೂಗಿದರೆ ಈ ತೂತಿನ ಕಾಸು ಸುಮಾರು 2 ಗ್ರಾಂ. ಲೋಹ ಉಳಿದದ್ದು ಒಂದು ಲಾಭ; ಕರಗಿಸಿ ಗಿಟ್ಟಿಸುವ ಆಸೆ ಕಡಿಮೆಯಾದದ್ದು ಇನ್ನೊಂದು.

ಇದೇ ಕಾಲದಲ್ಲಿ ಬಿಕಾನೇರ್, ಬೂಂದಿ, ಮೋರ್ವಿ, ನವಾನಗರದಂಥ ಸಂಸ್ಥಾನಗಳು ರಟ್ಟಿನ ನಗದು ಕೂಪನ್ ಹಂಚಿ ಪೇಟೆ ನಡೆಸಿದವು. ರಟ್ಟಿಗೆ ಸ್ವಂತ ಬೆಲೆಯಿಲ್ಲ; ಸಂಸ್ಥಾನದ ಖಜಾನೆ ಅದರ ಹಿಂದೆ ನಿಂತಿತ್ತು ಎಂಬುದೇ ಬೆಲೆ. ಕನ್ನಡನಾಡಿನ ಸ್ಥಿತಿ ಬೇರೆಯಿತ್ತು. 1843ರಲ್ಲಿ ತನ್ನ ಟಂಕಸಾಲೆ ಮುಚ್ಚಿಹೋದ ಮೇಲೆ ಮೈಸೂರಿನಲ್ಲೂ, ಧಾರವಾಡ–ಮಂಗಳೂರಿನಂತೆ, ಬ್ರಿಟಿಷ್ ಭಾರತದ ನಾಣ್ಯವೇ ನಡೆಯುತ್ತಿತ್ತು. ಬೀದರ್, ಕಲಬುರಗಿ, ರಾಯಚೂರುಗಳಲ್ಲಿ ಮಾತ್ರ ನಿಜಾಮರ ಹಾಲಿ ಸಿಕ್ಕಾ. ಅದರ ಏಳು ರೂಪಾಯಿ ಬ್ರಿಟಿಷ್ ಭಾರತದ ಆರು ರೂಪಾಯಿಗೆ ಸಮ. ನಾಣ್ಯ ಯಾರದ್ದೇ ಇರಲಿ, ಸಣ್ಣಪುಟ್ಟ ವ್ಯಾಪಾರಕ್ಕೆ ಇಲ್ಲಿ ಹಿಂದಿನಿಂದಲೂ ಇದ್ದ ಆಸರೆ ವರ್ತನೆಯ ಲೆಕ್ಕ. ಹಾಲು, ಹೂವು, ದಿನಸಿಯನ್ನು ಬರೆಸಿಟ್ಟು ತಿಂಗಳಿಗೊಮ್ಮೆ ತೀರಿಸಿದರೆ ಮೂವತ್ತು ಸಲ ಚಿಲ್ಲರೆ ಹುಡುಕುವ ಪಾಡಿಲ್ಲ. ಅಲ್ಲಿ ಮರಳುವ ದಾರಿ ಅಂಗಡಿಯ ಪುಸ್ತಕದಲ್ಲೇ ಇತ್ತು. ಆದರೆ ಅದು ಪರಿಚಯದವರಿಗೆ, ನೆಲೆ ಇದ್ದವರಿಗೆ ಮಾತ್ರ ತೆರೆದಿತ್ತು.

ಹೊರದೇಶಗಳ ಅನುಭವ ಈ ವಾದವನ್ನು ಎರಡು ಬದಿಯಿಂದ ಪರೀಕ್ಷಿಸಲು ನೆರವಾಗುತ್ತದೆ. 1648ರಿಂದ 1672ರವರೆಗೆ ಇಂಗ್ಲೆಂಡಿನ ಅಂಗಡಿಕಾರರು ಹೆಸರು, ಊರು ಕೊರೆಸಿದ ಬಿಲ್ಲೆಗಳನ್ನು ಚಿಲ್ಲರೆಯಾಗಿ ಕೊಟ್ಟರು. ಕೊಟ್ಟವರ ಬಾಗಿಲು ಗೊತ್ತಿದ್ದುದರಿಂದ ಅವು ಊರೊಳಗೆ ಚಲಾವಣೆಯಾದವು, ಊರ ಗಡಿ ದಾಟಿದಾಗ ಸೊರಗಿದವು. 1975ರ ಕೊನೆಯಿಂದ ಮೂರು ವರ್ಷ ಇಟಲಿಯ ಬ್ಯಾಂಕುಗಳು 50, 100, 150, 200 ಲೀರಾಗಳ ಕಿರುಚೆಕ್ಕುಗಳನ್ನು ಅಚ್ಚು ಹಾಕಿಸಿದವು. ಬ್ಯಾಂಕಿನ ಹೊಣೆಯಿದ್ದರೂ ಕಾಗದ ಬೇಗ ಹರಿದು ಹಾಳಾಗುತ್ತಿತ್ತು, ಸಂಗ್ರಹಕಾರರ ಕೈ ಸೇರಿ ಎಷ್ಟೋ ಚೆಕ್ಕುಗಳು ಮರಳಲೇ ಇಲ್ಲ; ಮರಳದ ಪ್ರತಿಯೊಂದೂ ಬ್ಯಾಂಕಿಗೆ ಉಳಿತಾಯ. ಥಾಮಸ್ ಸಾರ್ಜೆಂಟ್ ಮತ್ತು ಫ್ರಾಂಸ್ವಾ ವೆಲ್ಡ್ 2002ರಲ್ಲಿ ಪ್ರಕಟಿಸಿದ ಅಧ್ಯಯನ ಯೂರೋಪಿನ ಶತಮಾನಗಳ ದಾಖಲೆ ಹಿಡಿದು ಹೇಳುವುದೂ ಇದನ್ನೇ: ಅಗ್ಗದ ಲೋಹದ ಚಿಲ್ಲರೆಯನ್ನು ದೊಡ್ಡ ನಾಣ್ಯಕ್ಕೆ ಬದಲಿಸಿಕೊಡುವ ಖಾತರಿ ಬಂದ ಮೇಲೆಯೇ ಅಭಾವ ನೀಗಿತು. ಈ ಅಳತೆಗೋಲಿನಿಂದ ನೋಡಿದರೆ ನಮ್ಮ ಅಂಗಡಿಯ ಮಿಠಾಯಿ ಅತ್ಯಂತ ಕೆಳಗಿನ ಬದಲಿ. ಒಂದು ರೂಪಾಯಿಯ ಲೆಕ್ಕದಲ್ಲಿ ಕೊಟ್ಟ ಮಿಠಾಯಿ ಅಂಗಡಿಗೆ ಅದಕ್ಕಿಂತ ಕಡಿಮೆಗೆ ಬಂದಿರುತ್ತದೆ. ಅದನ್ನೇ ನಾಳೆ ಹಿಂದಕ್ಕೆ ಕೊಟ್ಟರೆ ಯಾರೂ ಮುಟ್ಟುವುದಿಲ್ಲ. ಬಸ್ ಕಂಡಕ್ಟರ್ ಟಿಕೆಟ್ಟಿನ ಹಿಂದೆ ಗೀಚಿಕೊಡುವ ಬಾಕಿ ಅದಕ್ಕಿಂತ ಮೇಲು, ಅದು ಒಪ್ಪಿಕೊಂಡ ಸಾಲ. ಆದರೆ ಇಳಿಯುವ ನಿಲ್ದಾಣ ಬಂದಾಗ ಅದರ ಆಯಸ್ಸು ಮುಗಿಯುತ್ತದೆ.

ಕರಗಿಸುವವರು ನಿಜಕ್ಕೂ ಇದ್ದಾಗ ಮರಳುವ ದಾರಿಯ ಮಾತೇಕೆ ಎಂಬ ಆಕ್ಷೇಪ ಬರಬಹುದು. 1971ರ ಸಣ್ಣ ನಾಣ್ಯಗಳ ಅಪರಾಧ ಕಾಯಿದೆ ಕರಗಿಸುವುದನ್ನು ನಿಷೇಧಿಸಿದ್ದು ಸುಮ್ಮನೆ ಅಲ್ಲ. ಆದರೆ ಕರಗಿಸುವಿಕೆಗೆ ಮೂಲ ಮುಖಬೆಲೆ ಮತ್ತು ಲೋಹದ ಬೆಲೆಯ ನಡುವಿನ ಅಂತರ; ತೂತಿನ ಕಾಸು ಅದನ್ನು ಕುಗ್ಗಿಸಿದಷ್ಟು ಯಾವ ಕಾಯಿದೆಯೂ ಕುಗ್ಗಿಸಲಿಲ್ಲ. ಆ ಕಾಯಿದೆ ಜಾರಿಯಲ್ಲಿದ್ದಾಗಲೇ, 1985ರಲ್ಲಿ, ಬ್ರಿಟನ್ನಿನ ಟಂಕಸಾಲೆಗಳಿಂದ ರೂಪಾಯಿ ನಾಣ್ಯ ತರಿಸಬೇಕಾಯಿತು. ಇನ್ನು ಕೂಡಿಡುವುದು ಬಹುಪಾಲು ಅಭಾವದ ಫಲ. ನಾಳೆ ಸಿಗಲಾರದು ಎಂಬ ಅನುಮಾನ ಬಂದ ಕ್ಷಣ ಪ್ರಾಮಾಣಿಕ ಅಂಗಡಿಕಾರನೂ ಗಲ್ಲಾದ ತಳದಲ್ಲಿ ಹತ್ತಿಪ್ಪತ್ತು ನಾಣ್ಯ ಬಚ್ಚಿಡುತ್ತಾನೆ. ಅವನನ್ನು ಅಪರಾಧಿ ಎನ್ನುವುದು ಸುಲಭ, ಅವನ ಅನುಮಾನ ಕಳೆಯುವುದೇ ಕಷ್ಟ.

ಒಂದೆರಡು ರೂಪಾಯಿಗೆ ಇಷ್ಟು ಚರ್ಚೆ ಬೇಕೆ ಎಂಬುದು ಎರಡನೆಯ ಆಕ್ಷೇಪ. ನಷ್ಟವನ್ನು ಪ್ರತಿ ಖರೀದಿಗೆ ಅಳೆದರೆ ಅಲ್ಪವೇ. ಆದರೆ ತಿಂಗಳ ಸಾಮಾನು ಒಟ್ಟಿಗೆ ತರುವ ಮನೆಗೆ ಈ ನಷ್ಟ ಒಮ್ಮೆ. ದಿನಗೂಲಿಯಿಂದ ಸಂಜೆಸಂಜೆಗೆ ಕಾಲು ಕೆಜಿ ಅಕ್ಕಿ, ಸ್ವಲ್ಪ ಎಣ್ಣೆ ತರುವ ಮನೆಗೆ ಮೂವತ್ತು ಸಲ. ಖರೀದಿಯ ಮೊತ್ತ ಚಿಕ್ಕದಾದಷ್ಟೂ ಬಿಟ್ಟುಬಿಡುವ ರೂಪಾಯಿಯ ಪಾಲು ದೊಡ್ಡದಾಗುತ್ತದೆ. ಹೀಗೆ ಅಭಾವ, ಯಾರೂ ಮಂಡಿಸದ, ಯಾರೂ ಅನುಮೋದಿಸದ ಒಂದು ತೆರಿಗೆ. ಅದರ ದರ ಬಡವನಿಗೆ ಹೆಚ್ಚು.

ಮೊಬೈಲ್ ಪಾವತಿ ಬಂದ ಮೇಲೆ ಇದೆಲ್ಲ ಹಳೆಯ ಕಥೆಯಾಯಿತು ಎಂಬ ಮೂರನೆಯ ಆಕ್ಷೇಪದಲ್ಲಿ ಬಹಳಷ್ಟು ನಿಜವಿದೆ. 2016ರಲ್ಲಿ ಆರಂಭವಾದ ಯುಪಿಐ ಪೈಸೆಯವರೆಗೂ ಸರಿಯಾಗಿ ಲೆಕ್ಕ ತೀರಿಸುತ್ತದೆ. ಆದರೆ ಅದರ ಯಶಸ್ಸು ಈ ವಾದವನ್ನು ಬಲಪಡಿಸುತ್ತದೆ: ಅಲ್ಲಿ ಸಂದಾಯವಾದ ಪ್ರತಿ ರೂಪಾಯಿ ಬ್ಯಾಂಕಿನ ಖಾತೆಗೇ ಮರಳುತ್ತದೆ. ನಾಣ್ಯಕ್ಕೆ ಆ ದಾರಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು 2018ರ ಜನವರಿ ತೋರಿಸಿತು. ದಾಸ್ತಾನಿಗೆ ಜಾಗ ಸಾಲದೆ ಟಂಕಸಾಲೆಗಳು ಅಚ್ಚು ಹಾಕುವುದನ್ನು ನಿಲ್ಲಿಸಿದ ತಿಂಗಳಲ್ಲೇ, ಹತ್ತು ರೂಪಾಯಿ ನಾಣ್ಯವನ್ನು ಜನ ನಿರಾಕರಿಸುತ್ತಿದ್ದುದರಿಂದ, ಅದರ ಹದಿನಾಲ್ಕೂ ವಿನ್ಯಾಸಗಳು ಸಿಂಧು ಎಂದು ರಿಸರ್ವ್ ಬ್ಯಾಂಕ್ ಸ್ಪಷ್ಟಪಡಿಸಬೇಕಾಯಿತು. ನಾಣ್ಯ ಬೇಕಾದಷ್ಟಿತ್ತು, ಮುಂದಿನವರು ತೆಗೆದುಕೊಳ್ಳುತ್ತಾರೆಂಬ ಭರವಸೆ ಇರಲಿಲ್ಲ. ಅಭಾವ, ಅತಿಶಯ ಎರಡೂ ಒಂದೇ ದೋಷದ ಎರಡು ರೂಪಗಳೆಂದು ಇದರಿಂದ ತಿಳಿಯುತ್ತದೆ. ಆದ್ದರಿಂದ ಚಿಲ್ಲರೆಯ ನೀತಿಯನ್ನು ಟಂಕಸಾಲೆಯ ಉತ್ಪಾದನೆಯಿಂದ ಅಳೆಯುವ ಬದಲು, ಬ್ಯಾಂಕಿನ ಕೌಂಟರಿನಲ್ಲಿ ಒಂದು ಚೀಲ ನಾಣ್ಯವನ್ನು ತಕರಾರಿಲ್ಲದೆ ಕೊಡುವುದೂ ಕೊಳ್ಳುವುದೂ ಎಷ್ಟು ಸುಲಭ ಎಂಬುದರಿಂದ ಅಳೆಯಬೇಕು.