ಕಣ್ಣು ಕಿತ್ತುಕೊಳ್ಳುವ ಒಂದು ಅಕ್ಷರ: ನಾಯಿಗಳ ಜೀನ್ ಟೆಸ್ಟ್ ಹುಟ್ಟಿದ ಕಥೆ

ಲ್ಯಾಬ್ರಡಾರ್ ಮರಿ ಕೊಳ್ಳೋಕೆ ಹೋದಾಗ ನಾವು ಬಣ್ಣ ನೋಡ್ತೀವಿ, ರೇಟ್ ಕೇಳ್ತೀವಿ, ವ್ಯಾಕ್ಸಿನ್ ಆಗಿದೆಯಾ ಅಂತ ಕೇಳ್ತೀವಿ. ಅದರ ಅಪ್ಪ-ಅಮ್ಮನಿಗೆ ಕಣ್ಣಿನ ಜೀನ್ ಟೆಸ್ಟ್ ಆಗಿದೆಯಾ ಅಂತ ಎಷ್ಟು ಜನ ಕೇಳ್ತೀವಿ? ಆ ಪ್ರಶ್ನೆ ಕೇಳೋ ಅವಕಾಶ ಎಷ್ಟು ದುಬಾರಿಯಾಗಿ ಬಂತು ಅನ್ನೋದೇ ಇವತ್ತಿನ ಕಥೆ.

ಕಾಯಿಲೆಯ ಹೆಸರು ಪ್ರೋಗ್ರೆಸಿವ್ ರೆಟಿನಲ್ ಅಟ್ರೋಫಿ, ಚಿಕ್ಕದಾಗಿ ಪಿಆರ್‌ಎ. ಕಣ್ಣಿನ ಹಿಂಬದಿಯ ರೆಟಿನಾ ನಿಧಾನವಾಗಿ ಹಾಳಾಗುತ್ತೆ. ಮೊದಲು ಕತ್ತಲಲ್ಲಿ ಕಾಣಲ್ಲ, ಆಮೇಲೆ ಹಗಲಲ್ಲೂ ಕಾಣಲ್ಲ. 1911ರಲ್ಲೇ ಸ್ವೀಡನ್‌ನ ಮ್ಯಾಗ್ನುಸನ್ ಎಂಬುವರು ಗಾರ್ಡನ್ ಸೆಟರ್ ನಾಯಿಗಳಲ್ಲಿ ಇದನ್ನು ಗುರುತಿಸಿ, ರಕ್ತಸಂಬಂಧದಲ್ಲೇ ಮರಿ ಮಾಡಿಸುವುದಕ್ಕೂ ಇದಕ್ಕೂ ಇರುವ ನಂಟಿನ ಬಗ್ಗೆ ಬರೆದಿದ್ದರು.

ಈಗ 1940ರ ದಶಕದ ಬ್ರಿಟನ್‌ಗೆ ಬನ್ನಿ. ಅಲ್ಲಿ ಐರಿಶ್ ಸೆಟರ್ ಮರಿಗಳು ಎಳೆಯ ವಯಸ್ಸಲ್ಲೇ ಕುರುಡಾಗ್ತಿದ್ದವು. ತೊಂದರೆ ಏನಂದ್ರೆ, ಕೆಟ್ಟ ಜೀನ್ ಅಪ್ಪ, ಅಮ್ಮ ಇಬ್ಬರಿಂದಲೂ ಬಂದ್ರೆ ಮಾತ್ರ ಕಣ್ಣು ಹೋಗುತ್ತೆ. ಒಬ್ಬರಿಂದ ಮಾತ್ರ ಬಂದ್ರೆ ಆ ನಾಯಿಗೆ ಏನೂ ಆಗಲ್ಲ, ಆದ್ರೆ ತನ್ನ ಮರಿಗಳಿಗೆ ಅದನ್ನು ದಾಟಿಸಬಹುದು. ಇಂಥ ನಾಯಿಗೇ ಕ್ಯಾರಿಯರ್ ಅನ್ನೋದು. ಹೊರಗಿಂದ ನೋಡಿ ಅದನ್ನು ಕಂಡುಹಿಡಿಯೋಕೆ ಆಗಲ್ಲ.

ಮತ್ತೆ ಹೇಗೆ ಕಂಡುಹಿಡಿದ್ರು? ಅನುಮಾನ ಇರೋ ನಾಯಿಯನ್ನು ಕುರುಡು ನಾಯಿಯ ಜೊತೆ ಕ್ರಾಸ್ ಮಾಡಿಸಿ, ಮರಿಗಳು ಬೆಳೆಯೋವರೆಗೆ ಕಾಯ್ತಿದ್ರು. ಅದು ಕ್ಯಾರಿಯರ್ ಆಗಿದ್ರೆ ಪ್ರತಿ ಮರಿಗೂ ಕುರುಡಾಗುವ ಸಾಧ್ಯತೆ ಅರ್ಧಕ್ಕರ್ಧ. ಕ್ಯಾರಿಯರ್ ನಾಯಿಯೊಂದಕ್ಕೆ ಆರಕ್ಕೆ ಆರು ಮರಿಯೂ ಕಣ್ಣಿರುವಂಥವೇ ಹುಟ್ಟುವ ಸಾಧ್ಯತೆ 64ರಲ್ಲಿ 1 ಮಾತ್ರ. ಹಾಗಾಗಿ ಆರೂ ಚೆನ್ನಾಗಿದ್ರೆ ಆ ನಾಯಿಯನ್ನು ಬಹುಮಟ್ಟಿಗೆ ನಂಬಬಹುದಿತ್ತು.

ಲೆಕ್ಕವೇನೋ ಸರಿ. ಆದ್ರೆ ಒಂದು ಕ್ಯಾರಿಯರ್ ಸಿಕ್ಕಿಬೀಳಬೇಕಾದ್ರೆ ಒಂದು ಮರಿ ಕುರುಡಾಗಬೇಕಿತ್ತು. ಇನ್ನೂ ಒಂದು ವಿಷಯ ಇದೆ. ತಾಯಿಯೋ ತಂದೆಯೋ ಕುರುಡು ಅಲ್ವಾ, ಹಾಗಾಗಿ ಚೆನ್ನಾಗಿ ಕಾಣುವ ಮರಿಗಳೂ ಒಂದು ಬಿಡದೆ ಕ್ಯಾರಿಯರ್‌ಗಳೇ.

1993ರಲ್ಲಿ ವಿಜ್ಞಾನಿಗಳು ಐರಿಶ್ ಸೆಟರ್‌ನ ದೋಷವನ್ನು ಡಿಎನ್‌ಎಯಲ್ಲೇ ಹಿಡಿದರು. ಪಿಡಿಇ6ಬಿ ಎಂಬ ಜೀನ್‌ನಲ್ಲಿ ‘ಜಿ’ ಇರಬೇಕಾದ ಒಂದು ಕಡೆ ‘ಎ’ ಬಂದಿತ್ತು. ಅಷ್ಟಕ್ಕೇ ಪ್ರೋಟೀನ್ ತಯಾರಿ ಮುಗಿಯೋ ಮೊದಲೇ ನಿಂತುಹೋಗ್ತಿತ್ತು. ಅದೇ ವರ್ಷ, ಕಣ್ಣು ಕಳೆದುಕೊಳ್ಳುತ್ತಿದ್ದ ಮನುಷ್ಯರಲ್ಲೂ ಇದೇ ಜೀನ್‌ನ ದೋಷಗಳು ಪತ್ತೆಯಾದವು. ಅಲ್ಲಿಂದ ಮುಂದೆ ಐರಿಶ್ ಸೆಟರ್‌ಗೆ ಉತ್ತರ ಸಿಗೋಕೆ ಯಾವ ಮರಿಯೂ ಕುರುಡಾಗಬೇಕಿರಲಿಲ್ಲ, ಸ್ವಲ್ಪ ರಕ್ತ ಸಾಕಿತ್ತು.

ನಮ್ಮಲ್ಲಿ ಸಾಕುವ ತಳಿಗಳ ಕಥೆ ಇನ್ನೂ ಕಷ್ಟದ್ದು. ಲ್ಯಾಬ್ರಡಾರ್, ಕಾಕರ್ ಸ್ಪ್ಯಾನಿಯಲ್, ಪೂಡಲ್‌ಗಳಲ್ಲಿ ಪಿಆರ್‌ಸಿಡಿ ಅನ್ನೋ ಬಗೆಯ ಪಿಆರ್‌ಎ ಇದೆ. ಇದು ತಡವಾಗಿ ಕಾಣಿಸಿಕೊಳ್ಳುತ್ತೆ. ನಾಯಿ ತಡವರಿಸೋದು ಮನೆಯವರಿಗೆ ಗೊತ್ತಾಗುವಷ್ಟರಲ್ಲಿ ಅದು ಎಷ್ಟೋ ಸಲ ಮರಿ ಹಾಕಿರುತ್ತೆ. 2006ರಲ್ಲಿ ಗುಸ್ತಾವೊ ಅಗಿರ್ರೆ ಮತ್ತು ಜೊತೆಗಾರರು ಇದರ ದೋಷವನ್ನೂ ಕಂಡುಹಿಡಿದರು. ಇಲ್ಲೂ ತಪ್ಪಿದ್ದು ಒಂದೇ ಅಕ್ಷರ. ಅಚ್ಚರಿ ಅಂದ್ರೆ, ರೆಟಿನೈಟಿಸ್ ಪಿಗ್ಮೆಂಟೋಸಾ ಇದ್ದ ಒಬ್ಬ ಮನುಷ್ಯರ ಡಿಎನ್‌ಎಯಲ್ಲೂ ಅದೇ ಜಾಗದಲ್ಲಿ ಅದೇ ತಪ್ಪು ಸಿಕ್ಕಿತು.

ಈಗ ಕೆನ್ನೆಯ ಒಳಭಾಗವನ್ನು ಬ್ರಷ್‌ನಿಂದ ಉಜ್ಜಿ ಲ್ಯಾಬ್‌ಗೆ ಕಳಿಸಿದ್ರೆ ಸಾಕು. ರಿಪೋರ್ಟ್‌ನಲ್ಲಿ ಬರೋದು ಮೂರರಲ್ಲಿ ಒಂದು: ಕ್ಲಿಯರ್, ಕ್ಯಾರಿಯರ್, ಅಫೆಕ್ಟೆಡ್.

ಕ್ಯಾರಿಯರ್ ಅಂತ ಬಂದ ತಕ್ಷಣ ಆ ನಾಯಿ ಕೆಟ್ಟದ್ದು ಅಂತ ಅಂದುಕೊಳ್ಳಬೇಡಿ. ಅದನ್ನು ಕ್ಲಿಯರ್ ನಾಯಿಯ ಜೊತೆ ಕ್ರಾಸ್ ಮಾಡಿಸಿದ್ರೆ ಒಂದು ಮರಿಗೂ ಆ ಕಾಯಿಲೆ ಬರಲ್ಲ. ಕ್ಯಾರಿಯರ್‌ಗಳನ್ನೆಲ್ಲ ಪಕ್ಕಕ್ಕಿಟ್ರೆ ತಳಿಯೇ ಕಿರಿದಾಗಿ, ಬೇರೆ ಕಾಯಿಲೆಗಳು ತಲೆ ಎತ್ತುತ್ತವೆ. ಹಾಗಂತ ಟೆಸ್ಟ್ ಒಂದೇ ಸಾಲಲ್ಲ. ಒಂದು ಟೆಸ್ಟ್ ಒಂದು ದೋಷವನ್ನಷ್ಟೇ ಹೇಳುತ್ತೆ. ಪಿಆರ್‌ಎಗೆ ಕಾರಣವಾಗುವ ಜೀನ್‌ಗಳು ಹಲವು ಇವೆ. ಹಾಗಾಗಿ ಪಶುವೈದ್ಯರಿಂದ ಕಣ್ಣಿನ ಪರೀಕ್ಷೆಯೂ ಬೇಕು.

ಮುಂದಿನ ಸಲ ಮರಿ ತರೋಕೆ ಹೋದಾಗ ಅಪ್ಪ-ಅಮ್ಮ ಇಬ್ಬರ ರಿಪೋರ್ಟನ್ನೂ ಕೇಳಿ. ಇಬ್ಬರಲ್ಲಿ ಒಬ್ಬರು ಪಿಆರ್‌ಸಿಡಿ ಕ್ಲಿಯರ್ ಆಗಿದ್ರೂ ನಿಮ್ಮ ಮರಿಗೆ ಆ ಕುರುಡು ಬರಲ್ಲ.