ಸಣ್ಣ ಸೇವಾ ಉದ್ದಿಮೆ: ಎರಡನೇ ಆದಾಯದ ದಾರಿ

ಮಣಿಪಾಲದಲ್ಲಿ ಕಾಲೇಜು ರಜೆ, ಕಾಪು ಕಡಲತೀರದಲ್ಲಿ ಮಳೆಗಾಲ ಬಂತೆಂದರೆ ಸಣ್ಣ ಸೇವಾ ಉದ್ದಿಮೆಗಳ ಗಳಿಕೆ ಕುಸಿಯುತ್ತದೆ. ಅಂಗಡಿ ಬಾಡಿಗೆ, ಸಾಲದ ಕಂತು ಮಾತ್ರ ತಪ್ಪುವುದಿಲ್ಲ. ಆದ್ದರಿಂದ ಮೊದಲ ಆದಾಯ ಬತ್ತುವ ತಿಂಗಳುಗಳಲ್ಲೇ ಕೈಹಿಡಿಯುವಂಥ ಎರಡನೇ ಆದಾಯವನ್ನು ಆರಿಸಿಕೊಳ್ಳುವುದು ಸೂಕ್ತ.

ಕಾರ್ಕಳ ಭಾಗದಲ್ಲಿ ಬೇಸಿಗೆಯಲ್ಲಿ ನೀರಾವರಿ ಪಂಪ್‌ಸೆಟ್ ದುರಸ್ತಿ ಮಾಡುವವರು ಮಳೆಗಾಲದಲ್ಲಿ ಅಡಿಕೆ ತೋಟದ ಔಷಧ ಸಿಂಪಡಣೆ ಯಂತ್ರ, ಹುಲ್ಲು ಕತ್ತರಿಸುವ ಯಂತ್ರಗಳ ದುರಸ್ತಿಯನ್ನೂ ಕೈಗೊಳ್ಳಬಹುದು. ಉಡುಪಿಯ ವಸತಿ ಸಮುಚ್ಚಯಗಳೊಂದಿಗೆ ವಾರ್ಷಿಕ ನಿರ್ವಹಣಾ ಒಪ್ಪಂದ ಮಾಡಿಕೊಂಡರೆ ವರ್ಷವಿಡೀ ನಿಶ್ಚಿತ ಆದಾಯ ದೊರೆಯುತ್ತದೆ.

ಯಾವುದು ಲಾಭ, ಯಾವುದು ಹೊರೆ ಎಂದು ತಿಳಿಯಲು ಪ್ರತಿ ಕೆಲಸಕ್ಕೂ ಪ್ರತ್ಯೇಕ ಲೆಕ್ಕ ಇಡಬೇಕು. ಆದರೆ ತೆರಿಗೆಗೆ ಒಂದೇ ಪ್ಯಾನ್ ಸಂಖ್ಯೆಯಡಿಯ ಎಲ್ಲ ವಹಿವಾಟೂ ಒಟ್ಟಾಗಿ ಪರಿಗಣನೆಯಾಗುತ್ತದೆ. ಸೇವೆ ಒದಗಿಸುವವರಿಗೆ ಆ ಮೊತ್ತ ವಾರ್ಷಿಕ 20 ಲಕ್ಷ ರೂ. ಮೀರಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ.