ದೂರವನ್ನು ಪಳಗಿಸಿದವರು

1920ರ ಆಗಸ್ಟ್ 22ರಂದು ಬೆಲ್ಜಿಯಂನ ಆಂಟ್‌ವರ್ಪ್ ನಗರದಲ್ಲಿ ಒಲಿಂಪಿಕ್ ಮ್ಯಾರಥಾನ್ ನಡೆಯಿತು. ಮಳೆ ಹನಿಯುತ್ತಿದ್ದ ತಂಪು ದಿನ. ಅಂದು ಓಡಬೇಕಾಗಿದ್ದ ದೂರ 42.75 ಕಿಲೋಮೀಟರ್. ಒಲಿಂಪಿಕ್ ಚರಿತ್ರೆಯಲ್ಲಿ ಅಷ್ಟು ಉದ್ದದ ಮ್ಯಾರಥಾನ್ ಹಿಂದೆಯೂ ನಡೆದಿರಲಿಲ್ಲ, ಮುಂದೆಯೂ ನಡೆಯಲಿಲ್ಲ. ಫಿನ್ಲೆಂಡಿನ ಹಾನೆಸ್ ಕೊಲೆಮೈನೆನ್ 2 ಗಂಟೆ 32 ನಿಮಿಷ 35.8 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ಚಿನ್ನದ ಪದಕ ಗೆದ್ದರು. ಅವರಿಗಿಂತ ಹದಿನೆಂಟು ನಿಮಿಷ ತಡವಾಗಿ, 2 ಗಂಟೆ 50 ನಿಮಿಷ 45.4 ಸೆಕೆಂಡುಗಳಲ್ಲಿ, 19ನೆಯವರಾಗಿ ಬಂದ ಓಟಗಾರನ ಹೆಸರು ಫಡೆಪ್ಪ ದರೆಪ್ಪ ಚೌಗುಲೆ. ಊರು ಬೆಳಗಾವಿ.

ಒಲಿಂಪಿಕ್ ಮ್ಯಾರಥಾನ್ ಓಡಿ ಮುಗಿಸಿದ ಮೊದಲ ಭಾರತೀಯ ಅವರೇ. ಅದೇ ಓಟದಲ್ಲಿ ಹೊರಟಿದ್ದ ಇನ್ನೊಬ್ಬ ಭಾರತೀಯ ಸದಾಶಿವ ದಾತಾರ್ ಅವರಿಗೆ ಗುರಿ ಮುಟ್ಟಲಾಗಲಿಲ್ಲ. ಚೌಗುಲೆಯವರ ಹೆಸರು ಇಂದು ಬೆಳಗಾವಿಯಾಚೆ ಹೆಚ್ಚು ಜನಕ್ಕೆ ತಿಳಿಯದು. ಆದರೆ ಮುಂಜಾನೆ ಬೂಟು ಕಟ್ಟಿಕೊಂಡು ಎರಡು ಕಿಲೋಮೀಟರ್ ಓಡಿ, ನಾಳೆ ಮೂರು ಓಡಬೇಕೆಂದು ಹೊರಡುವ ಪ್ರತಿಯೊಬ್ಬರಿಗೂ ಅವರ ಕಥೆ ಸಂಬಂಧಪಟ್ಟದ್ದು. ಸಾಮಾನ್ಯ ಮನುಷ್ಯನ ದೇಹ ಎಷ್ಟು ದೂರ ಓಡಬಲ್ಲುದು? ಆ ದೂರವನ್ನು ಹೇಗೆ ಹೆಚ್ಚಿಸಿಕೊಳ್ಳಬಹುದು? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಜಗತ್ತಿಗೆ ಬಹಳ ಕಾಲ ಹಿಡಿಯಿತು.

ಹಂಚಿಕೊಂಡ ದೂರ

ನಮ್ಮಲ್ಲಿ ಓಟವು ಆಟವಾಗುವುದಕ್ಕೆ ಮೊದಲು ಕಸುಬಾಗಿತ್ತು. ಚಿಕ್ಕದೇವರಾಜ ಒಡೆಯರು 1672ರಲ್ಲಿ ಮೈಸೂರು ಸಂಸ್ಥಾನದಲ್ಲಿ ಅಂಚೆ ವ್ಯವಸ್ಥೆಯನ್ನು ಏರ್ಪಡಿಸಿದರು. ಹೈದರ್ ಅಲಿಯ ಕಾಲದಲ್ಲಿ ಅದು ಇನ್ನಷ್ಟು ವಿಸ್ತಾರಗೊಂಡಿತು. ಅರಮನೆಯ ಆಜ್ಞೆಗಳನ್ನೂ ದೂರದ ಸೀಮೆಗಳ ಸಮಾಚಾರವನ್ನೂ ಹೊತ್ತು ಓಡುತ್ತಿದ್ದವರು ಹರಿಕಾರರು. 1889ರಲ್ಲಿ ಮೈಸೂರು ಅಂಚೆ ಬ್ರಿಟಿಷ್ ಭಾರತದ ಅಂಚೆ ಇಲಾಖೆಯಲ್ಲಿ ವಿಲೀನವಾಯಿತು.

ಅಂಚೆ ಓಟದ ಗುಟ್ಟು ಇದ್ದುದು ಹಂಚಿಕೆಯಲ್ಲಿ. ಯಾವೊಬ್ಬ ಹರಿಕಾರನೂ ಇಡೀ ಸಂಸ್ಥಾನವನ್ನು ಓಡಿ ದಾಟಬೇಕಾಗಿರಲಿಲ್ಲ. ತನ್ನ ಪಾಲಿನ ಹಾದಿಯನ್ನು ಓಡಿ, ಚೀಲವನ್ನು ಮುಂದಿನವನ ಕೈಗೆ ಒಪ್ಪಿಸಿದರೆ ಅವನ ಕೆಲಸ ಮುಗಿಯಿತು. ಒಂದು ದಿನ ಮೈಮುರಿದು ಓಡಿ ಮರುದಿನ ಮಲಗುವವನು ಅಂಚೆಗೆ ಉಪಯೋಗವಿಲ್ಲ. ನಾಳೆಯೂ ಓಡಲು ಆಗುವಷ್ಟನ್ನೇ ಇಂದು ಓಡಬೇಕು. ದೂರದ ಓಟದ ಮೊದಲ ಪಾಠ ಇದೇ.

ಎರಡನೆಯ ಪಾಠ ಗರಡಿಮನೆಯದು. ಹೊಸದಾಗಿ ಮಟ್ಟಿಗೆ ಇಳಿದ ಹುಡುಗನಿಗೆ ಯಾವ ಉಸ್ತಾದನೂ ಮೊದಲ ದಿನವೇ ನೂರು ದಂಡ ಹೊಡೆಯಲು ಹೇಳುವುದಿಲ್ಲ. ಬಸ್ಕಿಯ ಲೆಕ್ಕ ದಿನಕ್ಕೆ ಸ್ವಲ್ಪವೇ ಏರುತ್ತದೆ. ಮೈ ಒಪ್ಪಿದ ಮೇಲೆ ಇನ್ನಷ್ಟು. ಬೆಳಗಾವಿ, ಧಾರವಾಡ, ಕೊಲ್ಹಾಪುರದ ಸೀಮೆ ಈ ಶಿಸ್ತನ್ನು ಚೆನ್ನಾಗಿ ಬಲ್ಲ ಸೀಮೆ. ಚೌಗುಲೆ ಹುಟ್ಟಿ ಬೆಳೆದದ್ದು ಇಲ್ಲಿಯೇ.

ಪುಣೆಯಿಂದ ಆಂಟ್‌ವರ್ಪ್‌ಗೆ

ಬೆಳಗಾವಿ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಪುಣೆಯ ಡೆಕ್ಕನ್ ಜಿಮಖಾನಾ ಆ ಕಾಲದಲ್ಲಿ ಕ್ರೀಡಾಕೂಟಗಳನ್ನು ನಡೆಸುತ್ತಿತ್ತು. ಉದ್ಯಮಿ ಸರ್ ದೊರಾಬ್ಜಿ ಟಾಟಾ ಅದರ ಅಧ್ಯಕ್ಷರು. 1919ರ ಕೂಟಕ್ಕೆ ಮುಂಬಯಿ ಗವರ್ನರ್ ಸರ್ ಜಾರ್ಜ್ ಲಾಯ್ಡ್ ಕೂಡ ಬಂದಿದ್ದರು. ಓಡಲು ಬಂದವರಲ್ಲಿ ಬಹುಮಂದಿ ಹಳ್ಳಿಯ ರೈತರು. ಅವರು ಬರಿಗಾಲಲ್ಲಿ ಓಡುತ್ತಿದ್ದರು, ಆಧುನಿಕ ತರಬೇತಿಯ ಗಂಧಗಾಳಿ ಅವರಿಗೆ ಇರಲಿಲ್ಲ. ಆದರೂ ಅವರ ವೇಳೆಗಳು ಯೂರೋಪಿನ ಓಟಗಾರರ ವೇಳೆಗಳ ಜತೆ ಹೋಲಿಸಬಹುದಾದಷ್ಟು ಚೆನ್ನಾಗಿದ್ದವು ಎಂಬುದನ್ನು ದೊರಾಬ್ಜಿ ಗಮನಿಸಿದರು. 1929ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷರಿಗೆ ಬರೆದ ಪತ್ರದಲ್ಲಿ ಅವರು ಇದನ್ನು ನೆನಪಿಸಿಕೊಂಡಿದ್ದಾರೆ.

ಭಾರತದಿಂದ ಒಂದು ತಂಡವನ್ನು ಒಲಿಂಪಿಕ್‌ಗೆ ಕಳಿಸುವ ಯೋಚನೆ ಹುಟ್ಟಿದ್ದು ಇಲ್ಲಿಂದ. ದೊರಾಬ್ಜಿ ಸ್ವಂತ ಹಣ ಕೊಟ್ಟರು. ಉಳಿದದ್ದನ್ನು ಸರ್ಕಾರದಿಂದಲೂ ದಾನಿಗಳಿಂದಲೂ ಕೂಡಿಸಲಾಯಿತು. ಆರು ಮಂದಿಯ ತಂಡ ಹಡಗು ಹತ್ತಿತು. ನಾಲ್ವರು ಓಟಗಾರರು, ಇಬ್ಬರು ಕುಸ್ತಿಪಟುಗಳು. ಓಟಗಾರರಲ್ಲಿ ಚೌಗುಲೆಯವರ ಜತೆಗೆ ಹುಬ್ಬಳ್ಳಿಯ ಎಚ್.ಡಿ. ಕೈಕಾಡಿ ಇದ್ದರು. ಅಂದರೆ ದೇಶದ ಮೊದಲ ಒಲಿಂಪಿಕ್ ತಂಡದ ಆರು ಮಂದಿಯಲ್ಲಿ ಇಬ್ಬರು ಇಂದಿನ ಕರ್ನಾಟಕಕ್ಕೆ ಸೇರಿದವರು. ಈ ಪ್ರಯಾಣದ ಏಳು ವರ್ಷಗಳ ನಂತರ, 1927ರಲ್ಲಿ, ಭಾರತೀಯ ಒಲಿಂಪಿಕ್ ಸಂಸ್ಥೆ ಸ್ಥಾಪನೆಯಾಯಿತು.

19ನೆಯ ಸ್ಥಾನಕ್ಕೆ ಪದಕವಿಲ್ಲ. ಆದರೆ ಅಪರಿಚಿತ ದೇಶದ ತಂಪಿನಲ್ಲಿ, ಜಗತ್ತಿನ ಆಯ್ದ ಓಟಗಾರರ ನಡುವೆ, ಹದಿನೆಂಟರ ಹರೆಯದ ಹುಡುಗ ಕಿಲೋಮೀಟರಿಗೆ ನಾಲ್ಕೇ ನಿಮಿಷದಂತೆ ಸುಮಾರು 43 ಕಿಲೋಮೀಟರ್ ಓಡಿದ್ದು ಸಣ್ಣ ಮಾತಲ್ಲ. ಇಂದು ಒಂದೇ ಒಂದು ಕಿಲೋಮೀಟರನ್ನು ಆ ವೇಗದಲ್ಲಿ ಓಡಿ ನೋಡಿದರೆ ಅದರ ಅಂದಾಜು ಸಿಗುತ್ತದೆ.

ಚಪ್ಪಲಿ ಕಾರ್ಖಾನೆಯ ಪ್ರಯೋಗ

ಚೌಗುಲೆಯವರ ಕಾಲದಲ್ಲಿ ದೂರದ ಓಟವೆಂದರೆ ಹುಟ್ಟಾ ಗಟ್ಟಿಗರ ಕೆಲಸ ಎಂಬ ನಂಬಿಕೆ ಗಟ್ಟಿಯಾಗಿತ್ತು. ಅದನ್ನು ಅಲುಗಾಡಿಸಿದವರು ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್. ಪಾದರಕ್ಷೆ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಅವರು ತಾವು ಒಳ್ಳೆಯ ಮೈಕಟ್ಟಿನವರೆಂದೇ ತಿಳಿದಿದ್ದರು. 1940ರ ದಶಕದಲ್ಲಿ ಸ್ನೇಹಿತನೊಬ್ಬನ ಜತೆ ಐದು ಮೈಲಿ ಓಡಿದಾಗ ಏದುಸಿರು ಬಿಟ್ಟು ಕುಸಿಯುವಂತಾಯಿತು. ಈಗಲೇ ಹೀಗಾದರೆ ವಯಸ್ಸಾದ ಮೇಲೆ ಗತಿಯೇನು ಎಂಬ ಚಿಂತೆ ಅವರನ್ನು ಹಿಡಿಯಿತು. ಮುಂದಿನ ವರ್ಷಗಳಲ್ಲಿ ತಮ್ಮ ಮೈಮೇಲೆಯೇ ಪ್ರಯೋಗ ನಡೆಸಿದರು. ಒಮ್ಮೆ ತೀರಾ ಕಡಿಮೆ ಓಡಿದರು, ಒಮ್ಮೆ ವಿಪರೀತ ಓಡಿದರು, ಕೊನೆಗೆ ವಾರಕ್ಕೆ ನೂರು ಮೈಲಿಯ ಆಸುಪಾಸಿನಲ್ಲಿ ನಿಂತರು.

ಲಿಡಿಯಾರ್ಡ್ ಕಂಡುಕೊಂಡ ತತ್ತ್ವ ಸರಳ. ಮೊದಲು ತಿಂಗಳುಗಟ್ಟಲೆ ನಿಧಾನವಾಗಿ, ಮಾತಾಡುತ್ತ ಓಡಲು ಬರುವಷ್ಟು ಸುಲಭವಾಗಿ, ದೂರವನ್ನು ಕಟ್ಟಬೇಕು. ವೇಗ ಆಮೇಲಿನ ಮಾತು. ಅವರ ನೆರೆಹೊರೆಯ ಹುಡುಗರೇ ಅವರ ಶಿಷ್ಯರಾದರು. 1960ರ ರೋಮ್ ಒಲಿಂಪಿಕ್‌ನಲ್ಲಿ ಪೀಟರ್ ಸ್ನೆಲ್ 800 ಮೀಟರಿನಲ್ಲೂ ಮರ್ರೇ ಹಾಲ್ಬರ್ಗ್ 5,000 ಮೀಟರಿನಲ್ಲೂ ಚಿನ್ನ ಗೆದ್ದರು. ಬ್ಯಾರಿ ಮ್ಯಾಗಿ ಮ್ಯಾರಥಾನಿನಲ್ಲಿ ಕಂಚು ತಂದರು. ಅದೇ ಮ್ಯಾರಥಾನನ್ನು ಬರಿಗಾಲಲ್ಲಿ ಓಡಿ ಗೆದ್ದವರು ಇಥಿಯೋಪಿಯಾದ ಅಬೆಬೆ ಬಿಕಿಲ.

ಲಿಡಿಯಾರ್ಡ್ ಅಷ್ಟಕ್ಕೇ ನಿಲ್ಲಲಿಲ್ಲ. ಹೃದ್ರೋಗದಿಂದ ಚೇತರಿಸಿಕೊಂಡ ನಡುವಯಸ್ಸಿನವರನ್ನೂ ಮೆಲ್ಲನೆ ಓಡಿಸಲು ಹೊರಟರು. 1962ರಲ್ಲಿ ಆಕ್ಲೆಂಡಿನಲ್ಲಿ ಜಾಗಿಂಗ್ ಕೂಟವೊಂದು ಶುರುವಾಯಿತು. ಅಲ್ಲಿಗೆ ಬಂದು ಇದನ್ನು ಕಂಡ ಅಮೆರಿಕದ ತರಬೇತುದಾರ ಬಿಲ್ ಬೋವರ್‌ಮನ್ ಅದನ್ನು ತಮ್ಮ ದೇಶಕ್ಕೆ ಒಯ್ದರು. ಪದಕದ ಆಸೆಯಿಲ್ಲದ ಗುಮಾಸ್ತರು, ಗೃಹಿಣಿಯರು, ಅಂಗಡಿಯವರು ಬೀದಿಯಲ್ಲಿ ಓಡುವ ಪದ್ಧತಿ ಹೀಗೆ ಹಬ್ಬಿತು. ಬೆಂಗಳೂರಿನಲ್ಲಿ ಅದು ಜನಜಾತ್ರೆಯ ರೂಪ ಪಡೆದದ್ದು 2008ರ ಮೇ ತಿಂಗಳಲ್ಲಿ, ವರ್ಲ್ಡ್ 10ಕೆ ಓಟ ಆರಂಭವಾದಾಗ.

ಎದೆ ಮುಂದೆ, ಎಲುಬು ಹಿಂದೆ

ಮೆಲ್ಲಗೆ ದೂರ ಹೆಚ್ಚಿಸಬೇಕು ಎಂಬ ಮಾತಿನ ಹಿಂದೆ ದೇಹದ ಲೆಕ್ಕಾಚಾರವಿದೆ. ಓಟ ಶುರುವಾದ ಕೆಲವೇ ವಾರಗಳಲ್ಲಿ ಹೃದಯ ಹೆಚ್ಚು ರಕ್ತವನ್ನು ತಳ್ಳಲು ಕಲಿಯುತ್ತದೆ, ಉಸಿರು ಹತೋಟಿಗೆ ಬರುತ್ತದೆ. ಆದರೆ ಸ್ನಾಯುವನ್ನು ಎಲುಬಿಗೆ ಕಟ್ಟಿಹಾಕುವ ಸ್ನಾಯುರಜ್ಜುಗಳೂ ಎಲುಬುಗಳೂ ಗಟ್ಟಿಯಾಗಲು ತಿಂಗಳುಗಳು ಬೇಕು. ಹೊಸ ಭಾರಕ್ಕೆ ಸಿಕ್ಕ ಎಲುಬು ಮೊದಲು ಹಳೆಯ ಭಾಗವನ್ನು ಕರಗಿಸಿಕೊಂಡು, ಅನಂತರ ಹೊಸದನ್ನು ಕಟ್ಟುತ್ತದೆ. ಆ ನಡುವಿನ ವಾರಗಳಲ್ಲಿ ಅದು ಬಲಹೀನ. ಉಸಿರು ಸುಲಭವಾಯಿತೆಂದು ಓಟಗಾರ ದೂರವನ್ನು ದಿಢೀರನೆ ಏರಿಸುವುದೂ ಸಾಮಾನ್ಯವಾಗಿ ಆಗಲೇ. ಮೊಣಕಾಲಿನ ನೋವು, ಮುಂಗಾಲೆಲುಬಿನ ನೋವು, ಹಿಮ್ಮಡಿಯ ನೋವು ಶುರುವಾಗಿ, ಓಟ ನನಗೆ ಹೇಳಿ ಮಾಡಿಸಿದ್ದಲ್ಲ ಎಂಬ ತೀರ್ಮಾನಕ್ಕೆ ಬರುತ್ತಾನೆ.

ವಾರಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬಾರದು ಎಂಬ ಸೂತ್ರ ಓಟಗಾರರಲ್ಲಿ ಬಹಳ ಕಾಲದಿಂದ ಪ್ರಚಲಿತ. ಅದನ್ನೂ ಪರೀಕ್ಷೆಗೆ ಒಡ್ಡಲಾಗಿದೆ. ನೆದರ್ಲೆಂಡ್ಸ್‌ನ ಗ್ರೋನಿಂಗೆನ್‌ನಲ್ಲಿ 532 ಮಂದಿ ಹೊಸ ಓಟಗಾರರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಸೂತ್ರದಂತೆ ಓಡಿದವರಿಗೂ ಬೇಗ ಬೇಗ ಏರಿಸಿದವರಿಗೂ ಗಾಯದ ಪ್ರಮಾಣ ಹೆಚ್ಚು ಕಡಿಮೆ ಒಂದೇ ಆಗಿತ್ತು. ಎರಡೂ ಗುಂಪುಗಳಲ್ಲಿ ಐವರಲ್ಲಿ ಒಬ್ಬರಿಗೆ ಗಾಯ. 2025ರಲ್ಲಿ ಪ್ರಕಟವಾದ, 5,200ಕ್ಕೂ ಹೆಚ್ಚು ಓಟಗಾರರನ್ನು ಒಳಗೊಂಡ ಅಧ್ಯಯನ ಈ ಗೊಂದಲಕ್ಕೆ ಒಂದು ದಾರಿ ತೋರಿಸಿತು. ವಾರದ ಒಟ್ಟು ಮೊತ್ತಕ್ಕಿಂತ ಒಂದೇ ದಿನದ ಜಿಗಿತ ಅಪಾಯಕಾರಿ. ಹಿಂದಿನ 30 ದಿನಗಳಲ್ಲಿ ಓಡಿದ ಅತಿ ದೂರದ ಓಟಕ್ಕಿಂತ ಶೇ 10ಕ್ಕೂ ಹೆಚ್ಚು ದೂರವನ್ನು ಒಂದೇ ದಿನ ಓಡಿದಾಗ ಗಾಯದ ಸಂಭವ ಎದ್ದು ಕಾಣುವಷ್ಟು ಏರಿತು. ಗರಡಿಯ ಉಸ್ತಾದ ಅನುಭವದಿಂದ ಬಲ್ಲದ್ದನ್ನೇ ಅಂಕಿಅಂಶ ಹೇಳುತ್ತಿದೆ.

ಮಾಗಡಿ ರಸ್ತೆಯ ಲೆಕ್ಕ

ಈ ಲೆಕ್ಕವನ್ನು ಬೆಂಗಳೂರಿನ ಪಶ್ಚಿಮ ಅಂಚಿನ ಬ್ಯಾಡರಹಳ್ಳಿಗೆ ಅನ್ವಯಿಸಿ ನೋಡಬಹುದು. ಮಾಗಡಿ ರಸ್ತೆಯ ಈ ಹಳ್ಳಿ ನಗರದೊಳಗೆ ಸೇರಿಹೋಗಿದೆ. ಇಲ್ಲಿಂದ ಪಶ್ಚಿಮಕ್ಕೆ ಒಂದು ಮ್ಯಾರಥಾನ್ ಓಡಿದರೆ ಕೆಂಪೇಗೌಡರ ಮಾಗಡಿಯ ಆಸುಪಾಸಿಗೆ ತಲುಪಬಹುದು. ಒಂದು ಕಾಲಕ್ಕೆ ಸಂತೆಗೂ ಜಾತ್ರೆಗೂ ಜನ ಇಂಥ ದೂರಗಳನ್ನು ಕಾಲ್ನಡಿಗೆಯಲ್ಲಿ ಸವೆಸುತ್ತಿದ್ದರು. ಇಂದು ಎರಡು ಕಿಲೋಮೀಟರ್ ಆಚೆಯ ಬಸ್ ನಿಲ್ದಾಣಕ್ಕೂ ಆಟೋ ಬೇಕು.

ಇಲ್ಲಿಯ ಒಬ್ಬ ನಿವಾಸಿ ಸದ್ಯಕ್ಕೆ ಎರಡು ಕಿಲೋಮೀಟರ್ ಮಾತ್ರ ನಿಲ್ಲದೆ ಓಡಬಲ್ಲರು ಎಂದುಕೊಳ್ಳೋಣ. ಅತಿ ದೂರದ ಓಟವನ್ನು ವಾರಕ್ಕೆ ಶೇ 10ರಂತೆ ಹೆಚ್ಚಿಸಿದರೆ ಮೊದಲ ವಾರದ ಏರಿಕೆ ಬರೀ 200 ಮೀಟರ್. ಒಂದು ಬೀದಿಯ ಉದ್ದ. ಆದರೆ ಬಡ್ಡಿಗೆ ಬಡ್ಡಿ ಸೇರುವಂತೆ, ಹದಿನೇಳು ಏರಿಕೆಗಳಲ್ಲಿ ಆ ಎರಡು ಹತ್ತು ಆಗಿರುತ್ತದೆ. ನಾಲ್ಕು ವಾರಕ್ಕೊಮ್ಮೆ ದೂರ ಏರಿಸದೆ ಮೈಗೆ ಬಿಡುವು ಕೊಟ್ಟರೂ ಒಟ್ಟು 22 ವಾರ ಸಾಕು. ದೀಪಾವಳಿಗೆ ಆರಂಭಿಸಿದವರು ಯುಗಾದಿ ದಾಟುವ ಹೊತ್ತಿಗೆ ಹತ್ತು ಕಿಲೋಮೀಟರ್ ಓಡುತ್ತಿರುತ್ತಾರೆ.

ಕಷ್ಟವಿರುವುದು ಆ 22 ವಾರ ಉತ್ಸಾಹ ಉಳಿಸಿಕೊಳ್ಳುವುದರಲ್ಲಿ. ಮೊದಲ ವಾರದ ಹುಮ್ಮಸ್ಸು ಮೂರನೆಯ ವಾರಕ್ಕೆ ಇಳಿಯುತ್ತದೆ. ಮಳೆ, ರಾತ್ರಿ ಪಾಳಿ, ಮಕ್ಕಳ ಪರೀಕ್ಷೆ, ಕಾಲುದಾರಿಯಿಲ್ಲದ ರಸ್ತೆ, ಬೀದಿನಾಯಿ, ಕತ್ತಲಲ್ಲಿ ಒಬ್ಬರೇ ಹೊರಡಲು ಹೆಂಗಸರಿಗೆ ಇರುವ ಅಳುಕು, ಎಲ್ಲವೂ ಅಡ್ಡಬರುತ್ತವೆ. ಇಲ್ಲಿ ನೆರವಾಗುವುದು ಹಟಕ್ಕಿಂತ ವ್ಯವಸ್ಥೆ. ಲಿಡಿಯಾರ್ಡ್ ಶಿಷ್ಯರು ಒಟ್ಟಾಗಿ ಓಡುತ್ತಿದ್ದರು. ಜತೆಗಾರ ಬೀದಿ ತುದಿಯಲ್ಲಿ ಕಾಯುತ್ತಿದ್ದಾನೆಂದರೆ ಹಾಸಿಗೆ ಬಿಡುವುದು ಸುಲಭ. ಇಂದಿನ ಓಟದ ಕೂಟಗಳು ನಿಂತಿರುವುದೂ ಅದರ ಮೇಲೆಯೇ. ಬ್ಯಾಡರಹಳ್ಳಿಯ ದಕ್ಷಿಣಕ್ಕಿರುವ ಜ್ಞಾನಭಾರತಿ ಆವರಣದ ಮರಗಳ ನಡುವಿನ ರಸ್ತೆಗಳಲ್ಲಿ ಇಂಥ ಗುಂಪುಗಳನ್ನು ಕಾಣಬಹುದು. ಓಡಿದ ದೂರವನ್ನು ಪುಸ್ತಕದಲ್ಲಿ ಬರೆದಿಡುವುದು ಇನ್ನೊಂದು ಉಪಾಯ. ಕೈಗಡಿಯಾರ ಮಾಡುವ ಕೆಲಸವನ್ನೇ ಹಳೆಯ ಕ್ಯಾಲೆಂಡರಿನ ಮೇಲಿನ ಪೆನ್ಸಿಲ್ ಗುರುತೂ ಮಾಡುತ್ತದೆ.

ಪಕ್ಕದವರ ವೇಗವನ್ನು ನೋಡಿ ಕುಗ್ಗುವುದು ಬಹಳ ಮಂದಿ ಓಟ ಬಿಡಲು ಕಾರಣ. ಆಂಟ್‌ವರ್ಪ್‌ನಲ್ಲಿ ಕೊಲೆಮೈನೆನ್ ಗೆದ್ದಾಗ ಚೌಗುಲೆಯವರ ಮುಂದೆ ಇನ್ನೂ ನಾಲ್ಕೂವರೆ ಕಿಲೋಮೀಟರ್ ಹಾದಿ ಇತ್ತು. ಅವರು ಆ ಹಾದಿಯನ್ನೂ ಓಡಿ ಮುಗಿಸಿದ್ದರಿಂದಲೇ ನೂರು ವರ್ಷಗಳ ನಂತರವೂ ದಾಖಲೆಯಲ್ಲಿ ಬೆಳಗಾವಿಯ ಆ ಹೆಸರು ಉಳಿದಿದೆ.